ಅಕ್ಕ ಒಳಗೆ ಕರೆದ ಸೋಮವಾರ

ಮೊನ್ನೆ ಶ್ರೀನಿವಾಸಪುರದಲ್ಲಿ ಬಸ್ಸು ಹತ್ತಿದಾಗ ಯಾರೋ ರೇಷ್ಮೆಗೂಡಿನ ಮೂಟೆ ತಂದು ನನ್ನ ಕಾಲ ಬಳಿ ಇಟ್ಟರು. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನನಗೋ ಆ ಹಸಿ ಗೂಡಿನ ವಾಸನೆಗೆ ಸೋದರಮಾವ ನೆನಪಾದರು...

ಮಾವ ಹರೆಯದಲ್ಲಿ ಸಂಘಟನೆಯೊಂದನ್ನು ಸೇರಿ, ರಾಯಲ್ಪಾಡಿನ ಆಚೆ ಆಂಧ್ರದ ಕಾಡಿಗೆ ಹೋದವರು. ಬಡವನಿಗೆ ಭೂಮಿ ಕೊಡಿಸಲು ಬಂದೂಕೇ ಬೇಕು ಎಂದು ನಂಬಿದ್ದವರು. ಎಂಟು ವರ್ಷ ಜೈಲಿನಲ್ಲಿದ್ದು, ಜಾಮೀನಿನ ಮೇಲೆ ಕ್ಯಾಲನೂರಿನ ನಮ್ಮ ಮನೆಗೆ ಬಂದಾಗ ತಲೆ ಅರ್ಧ ನರೆತಿತ್ತು. ಬಾಗಿಲು ತೆರೆದೇ ಇದ್ದರೂ, ಜೈಲಿನ ಅಭ್ಯಾಸಕ್ಕೆ, ದಾಟಲು ಯಾರಾದರೂ ಹೋಗು ಅನ್ನಲಿ ಎಂದು ಕಾಯುತ್ತಿದ್ದರು. ಊಟದ ಹೊತ್ತಿಗೆ ತಟ್ಟೆ ಹಿಡಿದು ಅಡುಗೆಮನೆಯ ಹೊರಗೆ ನಿಲ್ಲುತ್ತಿದ್ದರು. ನಾನಾಗ ಕೋಲಾರದಲ್ಲಿ ಬಿ.ಎ. ಓದುತ್ತಿದ್ದೆ. "ಕ್ರಾಂತಿ ಮಾಡೋರು ಇನ್ನೊಂದು ಮುದ್ದೆ ಕೇಳೋಕೆ ನಾಚ್ಕೊಂಡ್ರೆ ಹೆಂಗೆ ಮಾವ?" ಎಂದು ರೇಗಿಸಿದರೆ ನಗುತ್ತಿದ್ದರು.

ಅಮ್ಮ ಮಾತ್ರ ಅವರನ್ನು ಹುಳುಮನೆಗೆ ಬಿಡುತ್ತಿರಲಿಲ್ಲ. ನಮ್ಮ ಕಡೆ ರೇಷ್ಮೆಹುಳು ಸಾಕುವ ಕೋಣೆಗೆ ಹೊರಗಿನವರನ್ನು ಸೇರಿಸುವುದಿಲ್ಲ. ರೋಗ ಹೊಕ್ಕರೆ ಇಡೀ ಬೆಳೆ ಹೋಯಿತು. ಅಮ್ಮನ ಲೆಕ್ಕದಲ್ಲಿ ಒಡಹುಟ್ಟಿದ ತಮ್ಮನೂ ಹೊರಗಿನವನೇ. ಮಾವ ಸೊಪ್ಪು ಕೊಯ್ದು ತಂದು, ಬಾಗಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದರು. ಜೈಲಿನ ಬಗ್ಗೆ ಒಂದು ಮಾತೂ ಆಡದ ಮನುಷ್ಯ, ಇದೊಂದಕ್ಕೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು.

ಪ್ರತಿ ಸೋಮವಾರ ಅವರು ಠಾಣೆಗೆ ಹೋಗಿ ಸಹಿ ಹಾಕಬೇಕಿತ್ತು. ತಪ್ಪಿದರೆ ಜಾಮೀನು ರದ್ದಾಗುತ್ತದೆ ಎಂದು ವಕೀಲರು ಎಚ್ಚರಿಸಿದ್ದರು.

ಅಂಥದೇ ಒಂದು ಸೋಮವಾರ ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಿ ನೂಲು ಬಿಡುವ ಹದಕ್ಕೆ ಬಂದವು. ಹಣ್ಣಾದ ಹುಳುವನ್ನು ಆಗಿಂದಾಗಲೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು, ಇಲ್ಲದಿದ್ದರೆ ಸೊಪ್ಪಿನಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಬರುತ್ತೇವೆ ಎಂದಿದ್ದ ಕೂಲಿಯವರು ಕೈಕೊಟ್ಟರು. ಅಮ್ಮ ಒಳಗಿನಿಂದಲೇ ಕೂಗಿದಳು.

"ಏನ್ಲಾ, ಅಲ್ಲೇ ನಿಂತಿದ್ದೀಯಾ? ಕೈಕಾಲು ತೊಳ್ಕೊಂಡು ಒಳಗೆ ಬಾರೋ!"

ಮಾವ ಮೊಣಕಾಲವರೆಗೆ ಉಜ್ಜಿ ಉಜ್ಜಿ ತೊಳೆದು ಬಂದರು. ಅಕ್ಕ ತಮ್ಮ ಒಂದೇ ತಟ್ಟೆಗೆ ಬಗ್ಗಿ ಹುಳು ಆರಿಸುತ್ತ, ಚಿಕ್ಕಂದಿನಲ್ಲಿ ಮಾವಿನಕಾಯಿ ಕದ್ದದ್ದನ್ನು ಹೇಳಿಕೊಂಡು ನಕ್ಕರು. ಆ ನಗು ನನಗೆ ಈಗಲೂ ಬೇಕು... ಮಧ್ಯಾಹ್ನ ಅಮ್ಮ ಹೊರಗೆ ಹೋದಾಗ ನಾನು, "ಮಾವ, ಇವತ್ತು ಸೋಮವಾರ" ಅಂದೆ.

"ಊರ್ಕೋ ಕಣೇ," ಎಂದು ತುಟಿಯ ಮೇಲೆ ಬೆರಳಿಟ್ಟರು. "ನಂಗೊತ್ತು. ಅಕ್ಕ ಈಗ ಕರ್ದವ್ಳೆ. ಅವ್ಳಿಗೆ ಹೇಳ್ಬೇಡ."

ಎರಡು ದಿನಕ್ಕೆ ಜೀಪು ಬಂತು. ಮತ್ತೆ ಒಂದೂವರೆ ವರ್ಷ ಜೈಲು. ಕೇಸು ಬಿದ್ದುಹೋಗಿ ಮನೆಗೆ ಬಂದಾಗ ಕೆಮ್ಮು ಹತ್ತಿತ್ತು, ಹೆಚ್ಚು ಕಾಲ ಉಳಿಯಲಿಲ್ಲ. ಅಮ್ಮ ಹುಳು ಸಾಕುವುದನ್ನೇ ಬಿಟ್ಟಳು. ತಮ್ಮನಿಗೆ ವಾರ ಮರೆತುಹೋಗಿತ್ತು, ತಾನಾದರೂ ನೆನಪು ಮಾಡಲಿಲ್ಲ ಎಂದು ಇಷ್ಟು ವರ್ಷವೂ ಕೊರಗಿದಳು. ಮಾವನಿಗೆ ಕೊಟ್ಟ ಮಾತು ಎಂದುಕೊಂಡು ನಾನು ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ನೀನ್ಯಾಕೆ ತಡೆಯಲಿಲ್ಲ ಎಂದು ಕೇಳಿಯಾಳೆಂಬ ಭಯ.

ಮೊನ್ನೆ ಬಸ್ಸಿಳಿದು ಮನೆಗೆ ಹೋದವಳೇ ಎಲ್ಲ ಹೇಳಿಬಿಟ್ಟೆ. ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಕೈ ನಿಂತಿತು.

"ಗೊತ್ತಿತ್ತಾ ಅವ್ನಿಗೆ?"

"ಗೊತ್ತಿತ್ತಮ್ಮ."

ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ನನ್ನನ್ನು ಏನೂ ಕೇಳಲಿಲ್ಲ.

"ಬಂದ ದಿನಾನೇ ಒಳಗೆ ಕರ್ದಿದ್ರೆ," ಅಂದಳು, "ಆ ಸೋಮವಾರ ಸಹಿ ಹಾಕಕ್ಕೆ ಹೋಗಿರೋನು ಕಣೇ."