ನಲವತ್ತೊಂದನೆಯ ಪುಟದ ಪ್ರಮೇಯ

1999ರಲ್ಲಿ ನಾನು ಅರಸೀಕೆರೆಯ ಒಂದು ಪದವಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕನಾಗಿದ್ದೆ. ಪಾಠದ ಜೊತೆಗೇ ಪಿಎಚ್.ಡಿ. ಮಾಡುತ್ತಿದ್ದೆ. ನೋಂದಣಿಯ ಅವಧಿಯನ್ನು ಎರಡು ಸಲ ವಿಸ್ತರಿಸಿಕೊಂಡಾಗಿತ್ತು, ಮೂರನೆಯದಕ್ಕೆ ಅವಕಾಶವಿರಲಿಲ್ಲ. ಪ್ರಬಂಧ ಸಲ್ಲಿಸಲು ಉಳಿದಿದ್ದದ್ದು ಹತ್ತೊಂಬತ್ತು ದಿನ.

ಅಪ್ಪ ಕಣಕಟ್ಟೆ ಕಡೆಯ ತೋಟಗಳಲ್ಲಿ ಕಾಯಿ ಸುಲಿದು ನನ್ನನ್ನು ಓದಿಸಿದವರು. ನಮ್ಮ ಮನೆತನದಲ್ಲಿ ಪದವಿಯ ಮುಖ ಕಂಡ ಮೊದಲಿಗ ನಾನು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದರು: "ನನ್ ಮಗ ಡಾಕ್ಟ್ರಾಯ್ತಾನೆ. ಸೂಜಿ ಚುಚ್ಚೋ ಡಾಕ್ಟ್ರಲ್ಲ ಕಣ್ರೋ, ಲೆಕ್ಕದ ಡಾಕ್ಟ್ರು."

ನನ್ನ ವಿಷಯವನ್ನು ಸರಳವಾಗಿ ಹೇಳುತ್ತೇನೆ. ಮೂರು ಸಂಖ್ಯೆಗಳನ್ನು ಗುಣಿಸುವಾಗ ಆವರಣ ಎಲ್ಲಿ ಹಾಕಿದರೂ ಉತ್ತರ ಒಂದೇ. ಇಂಥ ಗುಣಾಕಾರವಿರುವ ಆಲ್ಜೀಬ್ರಾವನ್ನು, ಅಂದರೆ ಕೂಡಿಸಿ ಗುಣಿಸಬಲ್ಲ ವಸ್ತುಗಳ ಕೂಟವನ್ನು, ಅಸೋಸಿಯೇಟಿವ್ ಅನ್ನುತ್ತೇವೆ. ಪಿಯುಸಿಯಲ್ಲಿ ಡಿಫರೆನ್ಷಿಯೇಶನ್ ಮಾಡುವಾಗ ಗುಣಲಬ್ಧಕ್ಕೆ ಒಂದು ನಿಯಮ ಕಲಿಸುತ್ತಾರಲ್ಲ, ಆ ನಿಯಮ ಪಾಲಿಸುವ ಕ್ರಿಯೆಯೇ ಡೆರಿವೇಶನ್. ಈಗ ಮೊದಲನೆಯದನ್ನು ಎರಡನೆಯದರ ಡೆರಿವೇಶನ್ನಿನಿಂದ ಗುಣಿಸಿ, ಇದೇ ಹೊಸ ಗುಣಾಕಾರ ಎಂದುಕೊಳ್ಳಿ. ಆವರಣ ಬದಲಾದರೆ ಇಲ್ಲಿ ಉತ್ತರ ಬದಲಾಗುತ್ತದೆ. ಆದರೆ ಆ ವ್ಯತ್ಯಾಸಕ್ಕೂ ಒಂದು ಶಿಸ್ತಿದೆ: ಮೊದಲ ಎರಡು ಪದಗಳನ್ನು ಅದಲುಬದಲು ಮಾಡಿದರೂ ಅದು ಅಷ್ಟೇ ಇರುತ್ತದೆ. ಈ ಶಿಸ್ತು ಎಲ್ಲ ಅಸೋಸಿಯೇಟಿವ್ ಆಲ್ಜೀಬ್ರಾಗಳಲ್ಲೂ ಇದೆ ಎಂಬುದೇ ನನ್ನ ಮುಖ್ಯ ಪ್ರಮೇಯ. ಮ್ಯಾಟ್ರಿಕ್ಸ್‌ಗಳ, ಅಂದರೆ ಸಾಲು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ, ಮೇಲಿನ ಎರಡು ಅಧ್ಯಾಯಗಳು ಅದರ ಮೇಲೇ ನಿಂತಿದ್ದವು.

ಪ್ರಬಂಧವನ್ನು ಟೈಪ್ ಮಾಡುತ್ತಿದ್ದವರು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಶಕುಂತಲಮ್ಮ. ಮೆಷಿನ್ನಿನಲ್ಲಿ ಇಲ್ಲದ ಚಿಹ್ನೆಗಳಿಗೆ ಜಾಗ ಬಿಡುತ್ತಿದ್ದರು, ನಾನು ಕಪ್ಪು ಇಂಕಿನಲ್ಲಿ ತುಂಬುತ್ತಿದ್ದೆ. ಅವತ್ತು ನನ್ನ ಹಸ್ತಪ್ರತಿ ಹಿಡಿದು ಕೇಳಿದರು:

"ಸಾರ್, ನಲವತ್ತೊಂದನೇ ಪುಟದಲ್ಲಿ ಮೇಲಿನ ಸಾಲು xy ಐತೆ, ಕೆಳಗಿನ ಸಾಲು yx ಐತೆ. ಯಾವ್ದು ಹೊಡೀಲಿ? ಆಮೇಲೆ ನನ್ ತಪ್ಪು ಅನ್ಬೇಡಿ."

"ಎರಡೂ ಒಂದೇ ಕಣಮ್ಮ."

"ಒಂದೇ ಆಗಿದ್ರೆ ಒಂದೇ ಥರ ಬರೀಬೋದಿತ್ತಲ್ಲ ಸಾರ್?"

ನಗಲು ಹೋದೆ. ಹಸ್ತಪ್ರತಿ ತೆಗೆದುಕೊಂಡು ಆ ಎರಡು ಸಾಲು ಮತ್ತೆ ಓದಿದೆ. ಸಂಖ್ಯೆಗಳಲ್ಲಿ, ಬಹುಪದೋಕ್ತಿಗಳಲ್ಲಿ ಅವೆರಡೂ ಒಂದೇ. ಮ್ಯಾಟ್ರಿಕ್ಸ್‌ಗಳಲ್ಲಿ ಅಲ್ಲ. ಇಷ್ಟನ್ನು ಮೊದಲ ವರ್ಷದ ಹುಡುಗರಿಗೆ ನಾನೇ ಕಲಿಸುತ್ತೇನೆ! ಆದರೂ ದಿನವಿಡೀ ಬೋರ್ಡಿನ ಮೇಲೆ ಬಹುಪದೋಕ್ತಿ ಗುಣಿಸಿದ ಕೈ, ಮುಖ್ಯ ಪ್ರಮೇಯದ ಸಾಧನೆಯಲ್ಲೇ ಕೇಳದೆ ಅಕ್ಷರಗಳನ್ನು ಅದಲುಬದಲು ಮಾಡಿತ್ತು.

ಮಾರ್ಗದರ್ಶಕರು ನಿವೃತ್ತರಾಗಿ ಬೇಲೂರಿನಲ್ಲಿದ್ದರು. ಪ್ರಬಂಧ ಸರಿಯಾಗಿದೆ ಎಂಬ ಸರ್ಟಿಫಿಕೇಟಿಗೆ ಆಗಲೇ ಸಹಿ ಹಾಕಿಕೊಟ್ಟಿದ್ದರು, ಅದು ನನ್ನ ಚೀಲದಲ್ಲಿತ್ತು. ಸುಮ್ಮನೆ ಸಲ್ಲಿಸಿಬಿಡಬಹುದಿತ್ತು. ಮರುದಿನ ಬೇಲೂರಿನ ಬಸ್ಸಿನಲ್ಲಿ ಪ್ರಮೇಯ ಹೇಗಾದರೂ ಉಳಿಯಲಿ ಎಂದು ಎರಡು ಸಾಲು ಎರಡು ಕಂಬದ ಮ್ಯಾಟ್ರಿಕ್ಸ್‌ಗಳನ್ನು ಹಾಕಿ ನೋಡಿದೆ. ಹಳೇಬೀಡು ಬರುವಷ್ಟರಲ್ಲಿ ಒಂದು ಕಡೆ ಸೊನ್ನೆ ಬಂತು, ಇನ್ನೊಂದು ಕಡೆ ಬರಲಿಲ್ಲ; ಪ್ರಮೇಯ ಬಿದ್ದುಹೋಗಿತ್ತು. ಪಕ್ಕದವರು "ಯಾಕ್ರೀ, ಹುಷಾರಿಲ್ವಾ?" ಅಂತ ಕಿಟಕಿ ಬಿಟ್ಟುಕೊಟ್ಟರು.

ಮೇಷ್ಟ್ರು ಪುಟವನ್ನು ನಿಧಾನವಾಗಿ ಓದಿದರು. "ನಾನೂ ಎರಡು ಸಲ ಓದಿದ್ದೆ ರಂಗಪ್ಪ. ನನ್ನ ಕಣ್ಣೂ ಜಾರಿದೆ" ಅಂದರು. ಪುಟವನ್ನು ನನ್ನ ಕೈಗೆ ಮರಳಿಸುತ್ತಾ, "ರಿಪೇರಿ ಆಗುತ್ತಾ ನೋಡಿ. ಆಗದೇ ಇದ್ರೆ ನಾನು ಸಹಿ ಹಾಕಿದ ಹಾಳೆ ವಾಪಸ್ ತಂದುಕೊಡಿ."

ಕಾಲೇಜಿಗೆ ರಜೆ ಹಾಕಿದೆ. ಪ್ರಮೇಯ ನಿಲ್ಲಬೇಕಾದರೆ ಯಾವ ಷರತ್ತು ಬೇಕೋ ಅದನ್ನು ಸೇರಿಸಿದೆ. ಹನ್ನೊಂದನೆಯ ದಿನ ಗೊತ್ತಾಯಿತು: ಮ್ಯಾಟ್ರಿಕ್ಸ್‌ಗಳಲ್ಲಿ ಆ ಷರತ್ತು ಪಾಲಿಸುವ ಡೆರಿವೇಶನ್ ಒಂದೇ, ಅದು ಸೊನ್ನೆ. ಎರಡು ಅಧ್ಯಾಯ ಏನೂ ಇಲ್ಲದ್ದರ ಬಗ್ಗೆ ಬರೆದಂತಾಯಿತು. ಅವನ್ನು ತೆಗೆದರೆ ಉಳಿಯುವುದು ಆಗಲೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಾಳೆಗಳನ್ನು ಹರಡಿಕೊಂಡು ಕೂತಲ್ಲೇ ಅತ್ತೆ. ಇದ್ದದ್ದನ್ನು ಇದ್ದ ಹಾಗೇ ಕೊಟ್ಟುಬಿಡು, ಅಷ್ಟು ಪುಟ ಯಾರು ಓದುತ್ತಾರೆ ಎಂದು ಮನಸ್ಸು ಪೀಡಿಸಿತು. ಮೂರು ದಿನ ಅದರ ಮಾತನ್ನೂ ಕೇಳಿದೆ, ಸುಳ್ಳೇಕೆ ಹೇಳಲಿ.

ಹದಿನೇಳನೆಯ ದಿನ ಬೇಲೂರಿಗೆ ಹೋಗಿ ಸರ್ಟಿಫಿಕೇಟನ್ನು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಹರಿದರು. ನೋಂದಣಿ ರದ್ದಾಯಿತು.

ಅಪ್ಪನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು.

"ಯಾರ್ಲಾ ಕೆಡಿಸ್ದೋರು?"

"ಯಾರೂ ಇಲ್ಲಪ್ಪ. ನನ್ನ ಲೆಕ್ಕವೇ ತಪ್ಪಿತ್ತು."

"ಅದು ನಿಮ್ ಮೇಷ್ಟ್ರಿಗೆ ಗೊತ್ತಾಗಿತ್ತಾ?"

"ಇಲ್ಲ. ನಾನೇ ಹೇಳಿದೆ."

ಅಪ್ಪ ಬೈಯಲಿಲ್ಲ, ಹೊಗಳಲೂ ಇಲ್ಲ. "ಹೋಗು, ಉಣ್ಣೋಗು" ಅಂದರು.

ನನ್ನ ಹೆಸರಿನ ಮುಂದೆ ಡಾಕ್ಟರ್ ಸೇರದೆಯೇ ನಿವೃತ್ತನಾದೆ. ಆ ನೋವು ಹೋಗಿಲ್ಲ, ಹೋಗಿದೆ ಅಂದರೆ ನಂಬಬೇಡಿ. ಆದರೆ ಈ ವೃತ್ತಿ ನನಗೆ ಒಂದು ಪಾಠ ಕಲಿಸಿತು. ತಿಳಿಯದ ಕಡೆ ಮನುಷ್ಯ ಎಚ್ಚರವಾಗಿರುತ್ತಾನೆ, ಅವನು ಎಡವುವುದು ಚೆನ್ನಾಗಿ ರೂಢಿಯಾದ ಕಡೆ. ಮುಂದಿನ ವರ್ಷಗಳಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇಳಿಯುವಾಗಲೆಲ್ಲ ತರಗತಿಗೆ ಬೆನ್ನು ಹಾಕಿಕೊಂಡೇ ಕೇಳುತ್ತಿದ್ದೆ: "ಯಾವ ನಿಯಮದ ಪ್ರಕಾರ?" ಉತ್ತರ ಬರುವ ತನಕ ಮುಂದಿನ ಸಾಲು ಬರೆಯುತ್ತಿರಲಿಲ್ಲ.