ಬಲಹೆಗಲು, ಎಡಗಣ್ಣು

ಜರ್ಮನಿಯ ಫೊಯರ್‌ಬಾಕ್‌ನಲ್ಲಿ ನಾನು ಮಾಡಿದ ಮೊದಲ ತಪ್ಪು ಬೆಳಗಿನ ಐದು ಗಂಟೆಗೆ ಮೆಟ್ಟಿಲು ಗುಡಿಸಿದ್ದು.

ಮಗಳಿಗೆ ಜರ್ಮನಿ ಆಗ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕು, ಅಲ್ಲಿಯ ಕಾರ್ಖಾನೆಯೊಂದರಲ್ಲಿ ಪ್ರೋಗ್ರಾಮರ್ ಆಗಿ ಸೇರಿ ಎರಡು ವರ್ಷವಾಗಿತ್ತು. ನಾನೂ ನನ್ನ ಹೆಂಡತಿಯೂ ಮೂರು ತಿಂಗಳ ವೀಸಾದ ಮೇಲೆ ಜುಲೈ ಕೊನೆಗೆ ಅಲ್ಲಿಗೆ ಹೋದೆವು. ಮಗಳಿದ್ದ ಕಟ್ಟಡದಲ್ಲಿ ಒಂದು ಚಿಕ್ಕ ಹಲಗೆ ಮನೆಯಿಂದ ಮನೆಗೆ ಓಡಾಡುತ್ತಿತ್ತು. ಅದು ಯಾರ ಬಾಗಿಲಿಗೆ ತೂಗುತ್ತದೋ ಆ ವಾರ ಮೆಟ್ಟಿಲು ಗುಡಿಸುವ ಪಾಳಿ ಅವರದು. ಪಾಳಿ ಎಂದರೆ ಏನೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇಪ್ಪತ್ತೆಂಟು ವರ್ಷ ಸೈನ್ಯದ ವರ್ಕ್‌ಶಾಪಿನಲ್ಲಿ ಬಂದೂಕು ರಿಪೇರಿ ಮಾಡಿದವನು ನಾನು. ಐದಕ್ಕೆ ಎದ್ದು ನಾಲ್ಕು ಅಂತಸ್ತಿನ ಮೆಟ್ಟಿಲು ಗುಡಿಸಿ, ಒರೆಸಿ, ಕಬ್ಬಿಣದ ಕಟಾಂಜನ ತಿಕ್ಕುತ್ತಿದ್ದೆ. ಕೆಳಗಿನ ಮನೆಯ ಬಾಗಿಲು ತೆರೆಯಿತು. ಪೈಜಾಮಾ ಹಾಕಿದ ಎತ್ತರದ ಮುದುಕರೊಬ್ಬರು ತಮ್ಮ ಬರಿ ಮಣಿಕಟ್ಟನ್ನು ಬೆರಳಿನಿಂದ ತಟ್ಟಿ ತೋರಿಸಿದರು. ನಾನು ಅಭ್ಯಾಸಬಲದಿಂದ ಅಟೆನ್ಷನ್‌ನಲ್ಲಿ ನಿಂತೆ. ಅವರು ಒಂದು ಕ್ಷಣ ನೋಡಿ ಜೋರಾಗಿ ನಕ್ಕರು.

"ಅಪ್ಪಾ, ಆರು ಗಂಟೆ ಒಳಗ ಸಪ್ಪಳ ಮಾಡಂಗಿಲ್ರಿ ಇಲ್ಲೆ. ಮಧ್ಯಾಹ್ನ ಒಂದರಿಂದ ಮೂರರ ತನಕಾನೂ ಇಲ್ಲ, ಸಂಡೇ ಅಂತೂ ಇಲ್ಲೇ ಇಲ್ಲ. ರೂಲ್ ಐತಿ" ಎಂದಳು ಮಗಳು.

"ಗುಡಸೂದು ರೂಲ್ ಐತಿ ಅಂದಿ."

"ಅದೂ ರೂಲ, ಇದೂ ರೂಲ."

ಹೆಂಡತಿ ಒಳಗಿನಿಂದ ಕೇಳಿದಳು: "ಏನ್ರೀ, ಮಗಳ ಮನಿಗೆ ಬಂದೀರೋ, ಡ್ಯೂಟಿಗೆ ಬಂದೀರೋ?"

ಶಿಸ್ತಿನ ದೇಶಕ್ಕೆ ಹೋಗುತ್ತಿದ್ದೇನೆ, ನನಗೆ ಹೊಂದುತ್ತದೆ ಎಂದುಕೊಂಡು ವಿಮಾನ ಹತ್ತಿದ್ದವನು ನಾನು. ಅಲ್ಲಿ ಶಿಸ್ತು ಇತ್ತು, ಆದರೆ ಅದರ ತಲೆಬುಡ ನನಗೆ ಹತ್ತಲಿಲ್ಲ. ಕಸಕ್ಕೆ ನಾಲ್ಕು ಡಬ್ಬಿ. ಮೊಸರಿನ ಡಬ್ಬಿಯನ್ನು ತೊಳೆದು ಹಾಕಬೇಕೋ ಹಾಗೇ ಹಾಕಬೇಕೋ ಎಂದು ದಿನಾ ಕೇಳುತ್ತಿದ್ದೆ. ರಾತ್ರಿ ಒಂಬತ್ತಾದರೂ ಬಿಸಿಲು. ಊಟ ಏಳೂವರೆಗೆ, ಮಲಗುವುದು ಒಂಬತ್ತಕ್ಕೆ ಎಂಬ ನಿಯಮ ಎಂದೂ ಮುರಿದವನಲ್ಲ. ಪರದೆ ಎಳೆದು ಮಲಗಿ, ಹಗಲಲ್ಲೇ ಮಲಗಿದ ರೋಗಿಯ ಹಾಗೆ ಸೂರು ನೋಡುತ್ತಿದ್ದೆ.

ಆ ಕೆಳಗಿನ ಮನೆಯವರೇ ಮುಂದಿನ ವಾರ ನನ್ನನ್ನು ನೆಲಮಾಳಿಗೆಗೆ ಕರೆದರು; ಹೆಂಡತಿಯೂ, ಮಾತು ತಿಳಿಸಲು ಮಗಳೂ ಜೊತೆಗೆ ಬಂದರು. ಎಪ್ಪತ್ತೊಂದು ವರ್ಷ, ಕಾರ್ಖಾನೆಯ ಲೇತ್ ಯಂತ್ರದ ಮೇಲೆ ಕೆಲಸ ಮಾಡಿ ನಿವೃತ್ತರಾದವರು, ಒಬ್ಬರೇ ಇದ್ದರು. ನಾನು ಏನು ಕೆಲಸ ಮಾಡಿದವನೆಂದು ಮಗಳು ಅವರಿಗೆ ಹೇಳಿದ್ದಳು. ಕೆಳಗೆ ಒಂದು ಮೇಜು, ಸಾಮಾನು ಕಚ್ಚಿ ಹಿಡಿಯುವ ಗಟ್ಟಿ ವೈಸ್, ಗೋಡೆಗೆ ಸಾಲಾಗಿ ತೂಗಿದ ಅರಗಳು. ಪ್ರತಿ ಅರದ ಹಿಂದೆ ಗೋಡೆಯ ಮೇಲೆ ಅದರದೇ ಆಕಾರವನ್ನು ಪೆನ್ಸಿಲಿನಿಂದ ಬರೆದಿದ್ದರು. ಆ ದೇಶದಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ಗೋಡೆ ಅದು.

ಮೇಜಿನ ಮೇಲೆ ಒಂದು ಏರ್ ರೈಫಲ್ ಇತ್ತು. ಹತ್ತು ಮೀಟರ್ ದೂರದ ಕಾಗದದ ಗುರಿಗೆ ಸೀಸದ ಸಣ್ಣ ಗುಂಡು ಹೊಡೆಯುವ ಆಟದ ಬಂದೂಕು.

"ಇದೇನ್ರಿ, ಬಲೂನ್ ಹೊಡಿಯೂ ಬಂದೂಕೇನು?" ಎಂದಳು ನನ್ನ ಹೆಂಡತಿ. ಅದನ್ನು ಅನುವಾದಿಸಬೇಡ ಎಂದು ಮಗಳಿಗೆ ಕಣ್ಣು ಮಾಡಿದೆ.

ಅವರು ನಲವತ್ತು ವರ್ಷದಿಂದ ಊರಿನ ಶೂಟಿಂಗ್ ಕ್ಲಬ್ಬಿನ ಸದಸ್ಯರು. ಮೂವರ ತಂಡದಲ್ಲಿ ಒಬ್ಬರು. ಹಿಂದಿನ ಚಳಿಗಾಲದಲ್ಲಿ ಬಲಗಣ್ಣಿನ ನಡುವೆ ಕಪ್ಪು ಮಚ್ಚೆ ಬಂತು. ಪಕ್ಕದ್ದೆಲ್ಲ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಅಕ್ಟೋಬರಿನ ಪಂದ್ಯದಲ್ಲಿ ನನ್ನ ಕೊನೆಯ ಹತ್ತು ಗುಂಡೂ ಗುರಿಯ ಕಪ್ಪು ವೃತ್ತದೊಳಗೆ ಬೀಳಬೇಕು, ಒಂದು ಹೊರಗೆ ಹೋದರೂ ತಂಡದ ಪಟ್ಟಿಯಿಂದ ನನ್ನ ಹೆಸರು ನಾನೇ ಹೊಡೆದು ಹಾಕುತ್ತೇನೆ ಎಂದು ಅವರು ಕ್ಲಬ್ಬಿನಲ್ಲಿ ಹೇಳಿಬಿಟ್ಟಿದ್ದರು.

"ಯಾರು ಹಾಕಿದ ರೂಲ್ ಇದು?" ಎಂದೆ.

"ಅವರೇ ಹಾಕ್ಕೊಂಡಾರ. ಗುರುವಾರ ಕ್ಲಬ್ಬಿಗೆ ಹೋಗೂದು ಬಿಟ್ರ ಅವರಿಗೆ ಬ್ಯಾರೆ ಏನೂ ಇಲ್ಲಪಾ" ಎಂದಳು ಮಗಳು.

ಉಪಾಯ ನನಗೆ ಸ್ಪಷ್ಟವಾಗಿತ್ತು. ಬಲಗಣ್ಣು ಹೋದರೆ ಎಡಗಣ್ಣು, ಎಡಗಣ್ಣಾದರೆ ಎಡಹೆಗಲು. ಹೆಗಲಿಗೆ ಆನಿಸುವ ಮರದ ಭಾಗಕ್ಕೆ ನಾವು ಬಟ್ ಎನ್ನುತ್ತಿದ್ದೆವು. ಬಲಗೈಯವರಿಗೆಂದು ಮಾಡಿದ ಆ ಬಟ್ ತೆಗೆದು ಎಡಗೈಯವರಿಗೆ ಹೊಸದು ಮಾಡಿದರಾಯಿತು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು, ಏನೋ ಹೇಳಹೊರಟು ನಿಲ್ಲಿಸಿದರು. ಒಪ್ಪಿಗೆ ಎಂದುಕೊಂಡೆ.

ಬಟ್ ಬದಲಿಸಲು ಪರವಾನಗಿ ಬೇಕೇ ಎಂದು ಸರಕಾರಿ ಕಚೇರಿಗೆ ಫೋನ್ ಮಾಡಿ ಕೇಳಲು ಮಗಳಿಗೆ ಹೇಳಿದೆ. ಮರದ ಭಾಗಕ್ಕೆ ಏನೂ ಬೇಡವಂತೆ. ನನ್ನ ಕಾಲದಲ್ಲಿ ಒಂದು ಸ್ಕ್ರೂ ಬದಲಿಸಿದರೂ ಮೂರು ಸಹಿ ಬೀಳಬೇಕಿತ್ತು. ಇಲ್ಲಿ ಮನೆಯಲ್ಲೇ ಕೂತು ಬಂದೂಕಿನ ಬಟ್ ಕೆತ್ತಿದರೆ ಕೇಳುವವರಿಲ್ಲ, ಮಧ್ಯಾಹ್ನ ಎರಡಕ್ಕೆ ಗರಗಸ ಹಿಡಿದರೆ ದೂರು! ಮಗಳ ಕೈಯಲ್ಲಿ ಮತ್ತೊಮ್ಮೆ ಫೋನ್ ಮಾಡಿಸಿದೆ. ಉತ್ತರ ಅದೇ ಬಂತು.

ಸೆಪ್ಟೆಂಬರಿನಲ್ಲಿ ಅವರು ಮೊಣಕಾಲಿನ ಚಿಕಿತ್ಸೆಗೆಂದು ಬಿಸಿನೀರಿನ ಬುಗ್ಗೆಯ ಊರಿಗೆ ಮೂರು ವಾರ ಹೋದರು. ಬಂದೂಕನ್ನು ಕ್ಲಬ್ಬಿನ ಕಪಾಟಿನಲ್ಲಿ ಬೀಗ ಹಾಕಿಟ್ಟು, ನನಗೆ ಹಳೆಯ ಬಟ್, ಬಂದೂಕಿನ ನಳಿಗೆಯ ಬದಲಿಗೆ ಅಷ್ಟೇ ಉದ್ದ ಅಷ್ಟೇ ತೂಕದ ನೀರಿನ ಪೈಪು ಮತ್ತು ನೆಲಮಾಳಿಗೆಯ ಕೀಲಿ ಕೊಟ್ಟರು. ಬೆಳಿಗ್ಗೆ ಎಂಟರಿಂದ ಒಂದು, ಮೂರರಿಂದ ಐದು. ಅವರ ಹಳೆಯ ಮಂಚದ ತಲೆಹಲಗೆ ಒಳ್ಳೆಯ ಆಕ್ರೋಟಿನ ಮರದ್ದು. ಅದರಿಂದ ಬಟ್ ಕೊಯ್ದೆ. ಕೆನ್ನೆ ಊರುವ ದಿಂಬನ್ನು ಬೇರೆ ತುಂಡಿನಿಂದ ಮಾಡಿದೆ. ಹೆಗಲಿಗೆ ತಾಗುವ ತಗಡನ್ನು ಅಲ್ಯುಮಿನಿಯಂನಲ್ಲಿ ಅರದಿಂದ ತೀಡಿ, ಅದರ ಮೇಲೆ ನನ್ನದೇ ಹಳೆಯ ಬೂಟಿನ ರಬ್ಬರ್ ಅಂಟಿಸಿದೆ.

ಅಳತೆ ನೋಡಲು ಅವರಿರಲಿಲ್ಲ. ನನ್ನ ಎಡಹೆಗಲಿಗೇ ಆನಿಸಿ ನೋಡಿದೆ.

ಆಗ ಒಂದು ವಿಚಿತ್ರ ನಡೆಯಿತು. ಮರ ಹೆಗಲಿಗೆ ಬಂದು ಕೂತ ರೀತಿ ಬೇರೆಯಾಗಿತ್ತು. ಕೆನ್ನೆ ತಾನಾಗಿಯೇ ಇಳಿಯಿತು, ಉಸಿರು ತಾನಾಗಿಯೇ ನಿಂತಿತು. ಇಪ್ಪತ್ತೆಂಟು ವರ್ಷ ಸಾವಿರಾರು ಬಂದೂಕುಗಳನ್ನು ಬಲಹೆಗಲಿಗೆ ಆನಿಸಿ ಪರೀಕ್ಷಿಸಿದವನಿಗೆ ಒಮ್ಮೆಯೂ ಹೀಗಾಗಿರಲಿಲ್ಲ. ನಾನು ಹುಟ್ಟಾ ಎಡಚ. ಒಂದನೇ ಇಯತ್ತೆಯಲ್ಲಿ ಮಾಸ್ತರರು ನನ್ನ ಎಡಗೈಯನ್ನು ಅಂಗಿಯೊಳಗೆ ಮಡಚಿ ಚಡ್ಡಿಯ ಲಾಡಿಗೆ ಕಟ್ಟಿಸಿದ್ದರು. ಒಂದು ಚಳಿಗಾಲದಲ್ಲಿ ಬಲಗೈಯವನಾದೆ. ಮುಂದೆ ಅದನ್ನು ಮರೆತೂ ಬಿಟ್ಟಿದ್ದೆ. ಈಗ ಪರದೇಶದ ನೆಲಮಾಳಿಗೆಯಲ್ಲಿ ನೀರಿನ ಪೈಪು ಹಿಡಿದು ನಿಂತು, ಕೆಳಗಿಡಲು ಮನಸ್ಸಾಗದೆ, ನನಗೇನಾಗಿದೆ ಎಂದು ತಿಳಿಯದೆ ಒದ್ದಾಡಿದೆ. ದಿನಾ ಅರ್ಧ ಮಿಲಿಮೀಟರು, ಕಾಲು ಮಿಲಿಮೀಟರು ಅಂತ ತೀಡುತ್ತ ಹೋದೆ. ಪ್ರತಿ ಸಲವೂ ಇನ್ನಷ್ಟು ಚೆನ್ನಾಗಿ ಕೂರುತ್ತಿತ್ತು. ಇದು ಅವರಿಗೆ ಎಂದೇ ಹೇಳಿಕೊಳ್ಳುತ್ತಿದ್ದೆ.

ಅವರು ಬಂದು, ಕ್ಲಬ್ಬಿನಿಂದ ಬಂದೂಕು ತಂದರು. ಬಂದೂಕಿಗೆ ಬಟ್ ಕೂರಿಸಿ ಕೈಗಿಟ್ಟೆ. ಅದನ್ನು ಸವರಿ, ಮೂಸಿ, ಎಡಹೆಗಲಿಗೆ ಎತ್ತಿದರು. ನಳಿಗೆ ಗಾಳಿಯಲ್ಲಿ ಕಡ್ಡಿಯ ಹಾಗೆ ಅಲ್ಲಾಡಿತು. ಮೂರು ಸಲ ಎತ್ತಿದರು. ಮೂರನೆಯ ಸಲ ಅರ್ಧಕ್ಕೇ ಮೇಜಿನ ಮೇಲೆ ಇಟ್ಟುಬಿಟ್ಟರು. ಅವರ ಮೈಯೆಲ್ಲ ಬಲಗಡೆಯದು. ಆ ಬಟ್ ಅವರ ಯಾವ ಎಲುಬಿಗೂ ಸಂಬಂಧಪಟ್ಟದ್ದಾಗಿರಲಿಲ್ಲ. ಮೂರು ವಾರ ನಾನು ಅಳತೆ ಹಿಡಿದದ್ದು ನನ್ನ ಮೈಗೆ.

ಪಂದ್ಯಕ್ಕೆ ಹನ್ನೊಂದು ದಿನ ಉಳಿದಿತ್ತು.

ಅವರು ಪೆನ್ಸಿಲ್ ತೆಗೆದುಕೊಂಡು, ಆಗಸ್ಟಿನಲ್ಲಿ ನಾನು ಬರೆದ ಚಿತ್ರದ ಪಕ್ಕ ಇನ್ನೊಂದು ಬರೆದರು. ಬಲಹೆಗಲಿನಿಂದ ಹೊರಟ ಬಟ್ ಕೆನ್ನೆಯ ಬಳಿ ಸೊಟ್ಟಗೆ ತಿರುಗಿ, ನಳಿಗೆಯನ್ನು ಎಡಗಣ್ಣಿನ ಮುಂದಕ್ಕೆ ತರುತ್ತಿತ್ತು. ಆವತ್ತು ಅವರು ಹೇಳಹೊರಟಿದ್ದು ಇದನ್ನೇ.

"ಇದು ಬಂದೂಕಲ್ಲ, ಸೊಟ್ಟ ಕೊಡ್ಲಿ ಕಾವು" ಎಂದೆ ಮಗಳಿಗೆ. "ಸೊಟ್ಟ ಬಟ್ ಕಂಡ್ರ ನಾವು ರಿಜೆಕ್ಟ್ ಅಂತ ಬರ್ದು ಒಗೀತಿದ್ವಿ. ಎಡಹೆಗಲು ಕಲೀಲಿಕ್ಕೆ ಹೇಳ. ಕಲಿತ್ರ ಬರ್ತೈತಿ."

"ಎಪ್ಪತ್ತೊಂದು ವರ್ಷದವರಿಗೆ, ಹನ್ನೊಂದು ದಿನದಾಗ?" ಎಂದಳು. "ಅಪ್ಪಾ, ಬಟ್ ಅವರಿಗೆ ಹೊಂದಬೇಕೋ, ಅವರ ಬಟ್ಟಿಗೆ ಹೊಂದಬೇಕೋ?"

ಸೈನ್ಯದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಒಂದೇ ಅಳತೆಯ ಬಟ್ ಇರುತ್ತಿತ್ತು.

ಮರುದಿನ, ಅವರ ಚಿತ್ರದಂತೆಯೇ ಆಗಲಿ ಎಂದು, ಅವರನ್ನು ಕಣ್ಣು ಮುಚ್ಚಿ ನಿಲ್ಲಲು ಹೇಳಿ, ಹಳೆಯ ಬಟ್ ಹಾಕಿದ ಬಂದೂಕನ್ನು ಎಂದಿನಂತೆ ಬಲಹೆಗಲಿಗೆ ಎತ್ತಿಸಿದೆ. ಸೂರಿನಿಂದ ನಟ್ ಕಟ್ಟಿದ ದಾರ ಇಳಿಬಿಟ್ಟು ನಳಿಗೆಯಿಂದ ಎಡಗಣ್ಣಿಗೆ ಅಳೆದೆ: ಅರವತ್ತೆರಡು ಮಿಲಿಮೀಟರ್. ನಾನು ಕಷ್ಟಪಟ್ಟು ತೀಡಿದ ಎಡಗೈಯ ಬಟ್ಟನ್ನೇ ನಡುವೆ ಕೊಯ್ಯಬೇಕಾಯಿತು. ಒಳ್ಳೆಯ ಮರ ಬೇರೆ ಉಳಿದಿರಲಿಲ್ಲ. ಗರಗಸ ಇಟ್ಟವನು ಮತ್ತೆ ತೆಗೆದು ಅದರ ಹಲ್ಲು ಒರೆಸತೊಡಗಿದೆ. ಅವರು ಗೋಡೆ ಗಡಿಯಾರ ನೋಡಿ, ಒಂದಾಗಲು ಇಪ್ಪತ್ತು ನಿಮಿಷ ಇದೆ ಎಂದು ಬೆರಳಿನಲ್ಲಿ ತೋರಿಸಿದರು. ಕೊಯ್ದೆ.

ತುಂಡುಗಳನ್ನು ಮೆಟ್ಟಿಲಿನಂತೆ ಒಂದರ ಪಕ್ಕ ಒಂದು ಸರಿಸಿ ಅಂಟಿಸಿದೆ. ಅವರು ಹೆಗಲಿಗಿಟ್ಟು ನೋಡಿ ಬೇಡವೆಂದು ತಲೆಯಾಡಿಸಿದ ಕಡೆಯೆಲ್ಲ ತೀಡಿದೆ. ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಅಗಸೆ ಎಣ್ಣೆ ಹಚ್ಚಿ ಒಣಗಲು ಇಟ್ಟೆವು. ಅಷ್ಟರಲ್ಲಿ ಹೆಂಡತಿ ಊರಿನಲ್ಲಿದ್ದ ತನ್ನ ತಂಗಿಗೆ ಫೋನ್ ಮಾಡಿ, ಮರುದಿನ ಖಂಡೇಪೂಜೆ, ಆಯುಧಪೂಜೆಯ ದಿನ, ಎಂದು ಗೊತ್ತು ಮಾಡಿಕೊಂಡಿದ್ದಳು. ಊರಿನ ನವಮಿ ಇಲ್ಲಿ ಎಷ್ಟೊತ್ತಿಗೆ ಶುರುವಾಗುತ್ತದೆ, ಎಷ್ಟೊತ್ತಿಗೆ ಮುಗಿಯುತ್ತದೆ ಎಂದು ಬೆಳಿಗ್ಗೆ ನಾನು ಲೆಕ್ಕ ಹಾಕುತ್ತಿದ್ದಾಗಲೇ ಅವಳು ಕೆಳಗಿಳಿದು ಪೂಜೆ ಮುಗಿಸಿಬಿಟ್ಟಿದ್ದಳು. ಅರ, ಉಳಿ, ವೈಸ್, ಬಟ್ ಎಲ್ಲಕ್ಕೂ ಕುಂಕುಮ, ಹೂವು.

"ಇವತ್ತ ಯಾವ ಆಯುಧಾನೂ ಮುಟ್ಟಂಗಿಲ್ಲ" ಎಂದಳು.

"ಪಂದ್ಯಕ್ಕ ಮೂರ ದಿನ ಐತಿ!"

"ನೀವು ನಿಮ್ಮ ರೂಲ್ ಮುರೀತೀರೇನು? ಇದು ನನ್ನ ರೂಲ."

ಕೆಳಗಿನ ಮನೆಯವರಿಗೆ ಇದನ್ನು ತಿಳಿಸಿದಾಗ ತಕ್ಷಣ ಅರ್ಥವಾಯಿತು. ಅವರಿಗೆ ಅರ್ಥವಾದದ್ದೇ ನನಗೆ ಅರ್ಥವಾಗಲಿಲ್ಲ. ಭಾನುವಾರ ಇದ್ದ ಹಾಗೆ ಎಂದರಂತೆ. ಆದರೆ ಬಟ್ಟಿನ ಎಣ್ಣೆ ಆರಿರಲಿಲ್ಲ. ಕೆನ್ನೆಯ ದಿಂಬಿಗಿಟ್ಟ ಕುಂಕುಮ ಒಳಗೆ ಇಳಿದಿತ್ತು. ದಶಮಿಯಂದು ಮರಳುಕಾಗದದಿಂದ ತಿಕ್ಕಿದರೆ ಬೊಟ್ಟು ಹೋಗುವ ಬದಲು ರೂಪಾಯಿಯಷ್ಟಗಲ ಹರಡಿತು.

ಪಂದ್ಯಕ್ಕೆ ನಾನೂ ಮಗಳೂ ಹೋದೆವು. ಶೂಟಿಂಗ್ ಹಾಲಿನ ಬಾಗಿಲಲ್ಲಿ ಬಂದೂಕು ತಪಾಸಣೆಯ ಮೇಜು. ಅಲ್ಲಿದ್ದವರು ಸೊಟ್ಟ ಬಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ತೂಗಿ, ಅಳೆದು, ಪುಸ್ತಕ ತೆರೆದು ಓದಿದರು. ಬಟ್ಟಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಕೆಂಪು ಮಚ್ಚೆಯ ಮೇಲೆ ಬೆರಳಿಟ್ಟು ಇದೇನು ಎಂದರು. ಕೆಳಗಿನ ಮನೆಯವರು ಗಂಭೀರವಾಗಿ ಏನೋ ಹೇಳಿದರು. ಸುತ್ತಲಿದ್ದವರೆಲ್ಲ ನಕ್ಕರು.

"ಏನಂದ್ರು?"

"ಇದು ಮ್ಯಾಲಿನ ಮನಿ ಅಮ್ಮಾರ ಸೀಲು, ಅವರ ತಪಾಸಣೆ ನಿಮ್ಮದಕ್ಕಿಂತ ಕಠಿಣ ಅಂದ್ರು."

ಸೀಲು ಬಿತ್ತು. ಪಂದ್ಯ ಶುರುವಾಯಿತು. ಮೊದಲ ಗುಂಡುಗಳು ಅಲ್ಲೊಂದು ಇಲ್ಲೊಂದು ಬಿದ್ದವು. ತಲೆ ಹಳೆಯ ಅಭ್ಯಾಸದಿಂದ ಬಲಗಣ್ಣಿನ ಕಡೆಗೇ ಜಾರುತ್ತಿತ್ತು. ಕೂಗಿ ಹೇಳಲು ಬಾಯಿ ತೆರೆದೆ. ಮಗಳು ನನ್ನ ತೋಳು ಹಿಡಿದಳು. ಅವರು ಬಂದೂಕು ಇಳಿಸಿ, ನೀರು ಕುಡಿದು, ಕಾಲು ಸರಿಮಾಡಿಕೊಂಡು ಮತ್ತೆ ಎತ್ತಿದರು. ಆಮೇಲೆ ಹೆಗಲು ಅಲ್ಲಾಡಲಿಲ್ಲ.

ತಂಡ ಸೋತಿತು. ಸೋತವರೂ ಗೆದ್ದವರೂ ಒಂದೇ ಮೇಜಿಗೆ ಕೂತು ಬಿಯರ್ ಕುಡಿಯತೊಡಗಿದರು. ಅವರೊಬ್ಬರೇ ಮೂಲೆಯಲ್ಲಿ ನಿಂತು ತಮ್ಮ ಕೊನೆಯ ಹತ್ತು ಗುರಿಕಾಗದಗಳನ್ನು ಒಂದೊಂದಾಗಿ ಎಡಗಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದರು. ಕಪ್ಪಿನೊಳಗೇ ಬಿದ್ದಿದ್ದ ಒಂಬತ್ತನ್ನು ಒಂದು ಕಡೆ ಇಟ್ಟರು. ಹತ್ತನೆಯದನ್ನು ನನ್ನ ಬಳಿಗೆ ತಂದು ಕೈಗಿಟ್ಟರು, ಜೊತೆಗೆ ಒಂದು ಭೂತಗನ್ನಡಿ.

"ನೀವಽ ಹೇಳ್ಬೇಕಂತ್ರಿ ಅಪ್ಪಾ" ಎಂದಳು ಮಗಳು. "ನೀವು ಸುಳ್ಳು ಹೇಳೋ ಪೈಕಿ ಅಲ್ಲ ಅಂತ."

ರಂಧ್ರ ಕಪ್ಪು ವೃತ್ತದ ಅಂಚಿನಲ್ಲಿತ್ತು. ಕಾಗದ ಹರಿದು ಎಳೆಗಳು ಎದ್ದಿದ್ದವು. ಒಂದು ಕಡೆಯಿಂದ ನೋಡಿದರೆ ಕಪ್ಪನ್ನು ಮುಟ್ಟಿದೆ, ಮುಟ್ಟಿದರೆ ಒಳಗೆಂದೇ ಲೆಕ್ಕ. ತುಸು ತಿರುಗಿಸಿದರೆ ಅಂಚಿಗೂ ರಂಧ್ರಕ್ಕೂ ನಡುವೆ ಕೂದಲೆಳೆಯಷ್ಟು ಬಿಳಿ. ಬೆಳಕಿಗೆ ಹಿಡಿದೆ. ಮೊದಲು ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದರಿಂದ ನೋಡಿದೆ. ಇಂಥದ್ದನ್ನು ನಿರ್ಣಯಿಸುವುದೇ ನನ್ನ ಜೀವಮಾನದ ಕೆಲಸವಾಗಿತ್ತು; ಸಂದೇಹವಿದ್ದರೆ ರಿಜೆಕ್ಟ್, ಅದೇ ನಿಯಮ. ಅವರು ಎದುರಿಗೆ ಕೈ ಕಟ್ಟಿ ನಿಂತಿದ್ದರು.

"ಒಳಗೈತಿ" ಎಂದೆ.

ಮಗಳು ಅನುವಾದಿಸುವ ಮೊದಲೇ ಅವರು ತಲೆಯಾಡಿಸಿದರು. ಗೋಡೆಗೆ ಅಂಟಿಸಿದ್ದ ಪಟ್ಟಿಯ ಬಳಿ ಹೋಗಿ, ಮುಂದಿನ ಪಂದ್ಯದ ಮೂರನೆಯ ಸಾಲಿನಲ್ಲಿ ತಮ್ಮ ಹೆಸರು ಬರೆದರು. ಕಾಗದ ನನ್ನ ಕೈಯಲ್ಲೇ ಉಳಿಯಿತು. ಮನೆಗೆ ಬಂದ ಮೇಲೂ, ಈಗಲೂ ಆಗಾಗ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಗುಂಡು ಒಳಗಿತ್ತೋ ಹೊರಗಿತ್ತೋ, ನನಗೆ ಗೊತ್ತಾಗಿಲ್ಲ.