ಅಕ್ಕನ ಸೋಡಚೀಟಿ ಮತ್ತು ಮೂರು ಊರಿನ ವಕೀಲರು

ಆಗಸ್ಟ್ 5, ಬೆಳಿಗ್ಗೆ 10.20. ಆಳಂದ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಕೂತು ಇದನ್ನು ಬರೆಯಲು ಶುರು ಮಾಡಿದೆ. ಪಕ್ಕದಲ್ಲಿ ಅಕ್ಕ. ಅವಳ ಚೀಲದಲ್ಲಿ ಲ್ಯಾಮಿನೇಷನ್ ಮಾಡಿಸಿದ ಸೋಡಚೀಟಿ.

ನಮ್ಮ ಕಡೆ ಗಂಡ-ಹೆಂಡತಿ ಬೇರೆಯಾದಾಗ ಹಿರಿಯರು ಕೂತು ಬಾಂಡ್ ಪೇಪರಿನ ಮೇಲೆ ಬರೆಸುವ ಕಾಗದವೇ ಸೋಡಚೀಟಿ. ಜನವರಿಯಲ್ಲಿ ಭಾವನ ಊರು ಮಣ್ಣೂರದಲ್ಲಿ ಐದು ಜನ ಹಿರಿಯರು ಅದಕ್ಕೆ ಸಹಿ ಹಾಕಿ, ಮಂಡಕ್ಕಿ ಸುಸಲಾ ತಿಂದು, "ಇಲ್ಲಿಗೆ ಮುಗೀತು" ಎಂದು ಎದ್ದಿದ್ದರು. ನಾವೂ ಮುಗಿಯಿತೆಂದೇ ನಂಬಿದೆವು. ಜುಲೈಯಲ್ಲಿ ಜಿಡಗಾದ ಸರ್ಕಾರಿ ಶಾಲೆಯ ಮಾಸ್ತರರೊಬ್ಬರು ಅಕ್ಕನನ್ನು ಕೇಳಿಕೊಂಡು ಬಂದರು. ಅಕ್ಕನಿಗೂ ಮನಸ್ಸಾಯಿತು. ಮಾಸ್ತರರು ಸೋಡಚೀಟಿಯನ್ನು ಎರಡು ಸಲ ಓದಿ, ಏಳು ಕಾಗುಣಿತ ತಪ್ಪು ತೋರಿಸಿ ಹೇಳಿದರು: "ಇದರ ಮ್ಯಾಲ ಲಗ್ನ ಆದ್ರ ನನ್ನ ನೌಕರಿಗೇ ಕುತ್ತು ಬರ್ತದ್ರಿ. ಕೋರ್ಟಿನ ಆರ್ಡರ್ ತರ್ರಿ, ನಾ ಕಾಯ್ತೇನಿ."

ಹೀಗೆ ವಕೀಲರ ಹುಡುಕಾಟ ಶುರುವಾಯಿತು. ಆಳಂದದ ವಕೀಲರು ಅಪ್ಪನ ಗೆಳೆಯರು. ಅಕ್ಕನ ಮದುವೆಯಲ್ಲಿ ಉಂಡವರು. ಸೋಡಚೀಟಿಯನ್ನು ಕನ್ನಡಕ ಏರಿಸಿ ನೋಡಿ, "ಕೋರ್ಟಿನಾಗ ಇದು ನಡ್ಯಾದು ಕಷ್ಟ ಅದವ್ವ" ಎಂದರು. ಆಮೇಲೆ ಮುಕ್ಕಾಲು ಗಂಟೆ ಬುದ್ಧಿ ಹೇಳಿದರು. "ಹೊಂದಿಕೊಂಡು ಹೋಗು" ಎಂದದ್ದು ಹನ್ನೊಂದು ಸಲ. ನಾನು ಡೈರಿಯಲ್ಲಿ ಸಲಕ್ಕೊಂದು ಗೆರೆ ಎಳೆದು ಎಣಿಸಿದ್ದೇನೆ.

"ಕಾಕಾ, ಅವ್ರು ಮಣ್ಣೂರದಾಗ ಅದಾರ, ನಾ ಆಳಂದದಾಗ ಅದೀನಿ. ಇಷ್ಟು ದೂರದಿಂದ ಛಲೋ ಹೊಂದಿಕೊಂಡೀವ್ರಿ," ಎಂದಳು ಅಕ್ಕ.

ಕಾಕಾ ನಗಲಿಲ್ಲ. ಕೇಸು ಗಂಡನ ಊರಿನ ಕಡೆಯೇ ಹಾಕಬೇಕೆಂದು ಹೇಳಿ ಸಾಗಹಾಕಿದರು.

ಆಗಸ್ಟ್ 9, ಅಫಜಲಪುರ. ಬಸ್ ನಿಲ್ದಾಣದಲ್ಲಿ ವಿಚಾರಿಸಿ ಹಿಡಿದ ವಕೀಲರು ಬಹಳ ಆದರದಿಂದ ಕೂರಿಸಿದರು. ಸೋಡಚೀಟಿ ಕೈಗೆ ಬಂದೊಡನೆ ಅವರ ಮುಖ ಅರಳಿತು. "ಅರೆ, ಇದು ನಾನೇ ಬರ್ದದ್ದು ನೋಡವ್ವ!" ಮೂರನೆಯ ಸಹಿಯೂ ಅವರದೇ. ಅಂದು ರುಮಾಲು ಸುತ್ತಿ ಕೂತಿದ್ದವರನ್ನು ಇಂದು ಕರಿ ಕೋಟಿನಲ್ಲಿ ನಾವು ಗುರುತು ಹಿಡಿದಿರಲಿಲ್ಲ.

"ಮತ್ತ ಕೋರ್ಟಿನಾಗ ನಡೀತದೇನ್ರಿ?" ಎಂದು ಕೇಳಿದೆ.

"ಅಲ್ಲಿ ನಾ ವಕೀಲ ಅಂತ ಹೋಗಿದ್ದಿಲ್ಲವ್ವ, ಹುಡುಗನ ದೂರದ ಸೋದರಮಾವ ಅಂತ ಹೋಗಿದ್ದೆ."

ಹೊರಗೆ ಬಂದು ಅಕ್ಕ, "ಇನ್ನ ನಮ್ಮ ಕಡೆಯವ್ರೂ ಅವ್ರ ಕಡೆಯವ್ರೂ ಯಾರೂ ಇಲ್ಲದ ಊರು ಹುಡುಕು ಬೇ" ಎಂದಳು. ಎರಡು ಮನೆಯ ಬೀಗರ ಪಟ್ಟಿ ಮಾಡಿದೆ. ಯಾರೂ ಇಲ್ಲದೆ ಉಳಿದದ್ದು ಜೇವರ್ಗಿ.

ಆಗಸ್ಟ್ 19, ಬೆಳಿಗ್ಗೆ 11.05, ಜೇವರ್ಗಿ. ವಕೀಲೆಯೊಬ್ಬರ ಕಚೇರಿ. ಹೊರಗಿನ ಬೆಂಚಿನ ಮೇಲೆ ಮೊಣಕಾಲ ಮೇಲೊಂದು ಲ್ಯಾಮಿನೇಷನ್ ಕಾಗದ ಇಟ್ಟುಕೊಂಡು ಕೂತವನು ನಮ್ಮ ಭಾವ.

"ನೀವ್ಯಾಕ ಇಲ್ಲಿ?" ಅಕ್ಕ ಕೇಳಿದಳು.

"ರೇಷನ್ ಕಾರ್ಡಿನಾಗಿಂದ ನಿನ್ನ ಹೆಸರು ತೆಗೀವಲ್ರು. ಆರ್ಡರ್ ತಾ ಅಂತಾರ. ಅಫಜಲಪುರದಾಗ ಮಾವ ಅದಾನ, ಆಳಂದದಾಗ ನಿಮ್ಮ ಮಂದಿ. ಅದಕ್ಕ..." ಎಂದು ನಿಲ್ಲಿಸಿದ. ನಾಲ್ಕು ವರ್ಷದ ಸಂಸಾರದಲ್ಲಿ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅಕ್ಕ ಕೇಳಿರಲಿಲ್ಲವಂತೆ. ಅವರ ತೊಂದರೆಯೇ ಅದು: ಜಗಳವಿರಲಿಲ್ಲ, ಮಾತೂ ಇರಲಿಲ್ಲ.

ವಕೀಲೆ ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. ಇಬ್ಬರಿಗೂ ಒಪ್ಪಿಗೆಯಿದ್ದರೆ ಕೂಡಿಯೇ ಅರ್ಜಿ ಹಾಕಬಹುದು. ಅಕ್ಕ ಈಗ ಇರುವ ಊರಿನ ಕೋರ್ಟಿನಲ್ಲೂ ನಡೆಯುತ್ತದೆ. ಕಾಕಾ ಹೇಳಿದ್ದು ತಪ್ಪು. ಆದರೆ ಅರ್ಜಿ ಹಾಕುವ ಮೊದಲು ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು.

"ಯಾವಾಗಿಂದ ಬ್ಯಾರೆ ಅದೀರಿ?"

"ಸೋಡಚೀಟಿ ಆದಾಗಿಂದ್ರಿ," ಎಂದ ಭಾವ. ಜನವರಿಯಿಂದ ಎಣಿಸಿದರೆ ವರ್ಷ ತುಂಬುವುದಿಲ್ಲ. ಅಕ್ಕನ ಮುಖ ಬಾಡಿತು. ನಾನು ಹಳೆಯ ಡೈರಿ ತೆಗೆದೆ. ಹೋದ ವರ್ಷ ಜೂನ್ 3, ಮಣ್ಣೂರದಿಂದ ಆಳಂದಕ್ಕೆ ಮಧ್ಯಾಹ್ನ 2.10ರ ಬಸ್ಸು, ಅಕ್ಕ, ನಾನು, ಹೊಲಿಗೆ ಮಷಿನ್. ಅಂದಿನಿಂದ ಅಕ್ಕ ಮಣ್ಣೂರಕ್ಕೆ ಹೋದದ್ದು ಒಂದೇ ದಿನ, ಸೋಡಚೀಟಿಗೆ. ಹದಿನಾಲ್ಕು ತಿಂಗಳು, ಹದಿನಾರು ದಿನ.

"ಹೌದ್ ಬಿಡು," ಎಂದ ಭಾವ. "ನಾನೇ ಮಷಿನ್ ಹೊತ್ತು ಬಸ್ಸಿಗೆ ಏರಿಸಿದ್ದೆ."

"ಕೊಡೋದು, ತಗೊಳ್ಳೋದು ಏನರ ಇದ್ರ ಅರ್ಜಿನಾಗೇ ಬರೀಬೇಕ್ರಿ," ಎಂದರು ವಕೀಲೆ.

"ಮಷಿನ್ನಿನ ಸ್ಟ್ಯಾಂಡ್ ಅಲ್ಲೇ ಉಳದದ. ಅದೊಂದೇ ಬೇಕು," ಎಂದಳು ಅಕ್ಕ.

"ಅದರ ಮ್ಯಾಲ ಟಿವಿ ಇಟ್ಟೀನಲಾ," ಎಂದು ಭಾವ ಸ್ವಲ್ಪ ಯೋಚಿಸಿದ. "ಇರಲಿ, ಇಳಸ್ತೇನಿ."

ಇಬ್ಬರೂ ವಕಾಲತ್ತಿಗೆ ಸಹಿ ಹಾಕಿದರು. ಅಕ್ಕ ಪೆನ್ನು ವಾಪಸು ಕೊಡುತ್ತಾ, "ನಾವಿಬ್ರೂ ಕೂಡಿ ಮಾಡಿದ ಮೊದಲನೇ ಕೆಲಸ ಇದು" ಎಂದಳು. ಭಾವ ನಕ್ಕುಬಿಟ್ಟ. ಆ ಕಚೇರಿಯಲ್ಲಿ "ಹೊಂದಿಕೊಂಡು ಹೋಗು" ಎಂದು ಹೇಳಿದವರು: ಸೊನ್ನೆ.

ಒಂದೇ ತೊಡಕು ಉಳಿದಿದೆ. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಕೋರ್ಟು ಮನಸ್ಸು ಮಾಡಿದರೆ ಅದನ್ನು ಮಾಫು ಮಾಡುವುದೂ ಉಂಟಂತೆ, ಆದರೆ ಖಾತ್ರಿಯಿಲ್ಲ. ಸಂಜೆ ಮಾಸ್ತರರಿಗೆ ಫೋನಿನಲ್ಲಿ ಹೇಳಿದಾಗ ಅವರು "ಕಾಯ್ತೇನಂದೀನಲ್ರಿ" ಎಂದರು. ಅಕ್ಕ ಫೋನಿಟ್ಟು ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು. ಡಿಸೆಂಬರ್ ಆದಮೇಲೆ ಹಾಳೆಯೇ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಆ ಆರು ತಿಂಗಳು ಮಾಫು ಮಾಡಿಸಿಕೊಂಡವರು ಯಾರಾದರೂ ಇದ್ದರೆ, ಏನು ಬರೆದುಕೊಟ್ಟಿರಿ, ಎಷ್ಟು ದಿನ ಹಿಡಿಯಿತು ಎಂದು ದಯವಿಟ್ಟು ನನಗೆ ಬರೆಯಿರಿ. ತಾರೀಖು ಹಾಕಿ ಬರೆಯಿರಿ.